ಜೇಬಿನಲ್ಲೊಂದು ಮರುಪ್ರಸಾರ ಕೇಂದ್ರ

“ಸ್ವಲ್ಪ ಹಾಟ್‌ಸ್ಪಾಟ್ ಆನ್ ಮಾಡೋ, ಐದೇ ನಿಮಿಷ!”

ವಿದ್ಯಾರ್ಥಿ ಮಿತ್ರರೇ, ಹಾಸ್ಟೆಲಿನಲ್ಲಿ, ಗ್ರಂಥಾಲಯದ ಮೆಟ್ಟಿಲ ಮೇಲೆ, ಬಸ್ಸಿನಲ್ಲಿ ಈ ಮಾತನ್ನು ನೀವು ಎಷ್ಟೋ ಸಲ ಕೇಳಿರುತ್ತೀರಿ, ನೀವೂ ಹೇಳಿರುತ್ತೀರಿ. ಅರ್ಜಿ ಸಲ್ಲಿಸಲು ಅಂದೇ ಕೊನೆಯ ದಿನ, ಗೆಳತಿಯ ರೀಚಾರ್ಜ್ ಮುಗಿದುಹೋಗಿದೆ. ಅಥವಾ ಪ್ರಾಜೆಕ್ಟ್ ವರದಿ ಲ್ಯಾಪ್‌ಟಾಪಿನಲ್ಲಿದೆ, ಆದರೆ ಇಂಟರ್ನೆಟ್ ಇರುವುದು ಫೋನಿನಲ್ಲಿ ಮಾತ್ರ. ಆಗ ಫೋನಿನ ತೆರೆಯ ಮೇಲೆ ಒಂದು ಗುಂಡಿ ಒತ್ತುತ್ತೀರಿ. ಕ್ಷಣಾರ್ಧದಲ್ಲಿ ನಿಮ್ಮ ಫೋನಿನ ಡೇಟಾ ಇನ್ನೊಂದು ಉಪಕರಣಕ್ಕೆ ಹರಿಯತೊಡಗುತ್ತದೆ.

ಆ ಗುಂಡಿ ಒತ್ತಿದಾಗ ಒಳಗೆ ಏನಾಗುತ್ತದೆ? ನೀವು ಹಂಚಿಕೊಳ್ಳುತ್ತಿರುವುದು ಡೇಟಾ ಮಾತ್ರವೇ, ಅಥವಾ ಬೇರೆ ಏನಾದರೂ ಅದರೊಂದಿಗೆ ಹೋಗುತ್ತಿದೆಯೇ? ಬನ್ನಿ, ಒಂದೊಂದಾಗಿ ನೋಡೋಣ.

ಒಂದು ಕಿವಿ, ಇನ್ನೊಂದು ಬಾಯಿ

ಟೆಲಿವಿಷನ್ನಿನ ಮರುಪ್ರಸಾರ ಕೇಂದ್ರಗಳು ನಿಮ್ಮ ತಂದೆ ತಾಯಿಯರಿಗೆ ನೆನಪಿರಬಹುದು. ಊರ ಹೊರಗೆ ಒಂದು ಗೋಪುರ, ಅದರ ಬುಡದಲ್ಲಿ ಆಕಾಶಕ್ಕೆ ಮುಖ ಮಾಡಿದ ದೊಡ್ಡ ತಟ್ಟೆಯಂಥ ಆಂಟೆನಾ. ಉಪಗ್ರಹದಿಂದ ಬಂದ ಸಂಕೇತವನ್ನು ತಟ್ಟೆ ಹಿಡಿಯುತ್ತಿತ್ತು. ಅದನ್ನೇ ಬೇರೊಂದು ಕಂಪನಾಂಕಕ್ಕೆ ಬದಲಾಯಿಸಿ ಗೋಪುರದ ಮೂಲಕ ಸುತ್ತಲಿನ ಮನೆಗಳಿಗೆ ಬಿತ್ತರಿಸುತ್ತಿದ್ದರು. ಕಂಪನಾಂಕವೆಂದರೆ ರೇಡಿಯೋ ಅಲೆಯು ಒಂದು ಸೆಕೆಂಡಿಗೆ ಎಷ್ಟು ಬಾರಿ ಕಂಪಿಸುತ್ತದೆ ಎಂಬ ಲೆಕ್ಕ.

ಹಾಟ್‌ಸ್ಪಾಟ್ ಆದ ಫೋನ್ ಮಾಡುವುದೂ ಇಂಥದೇ ಕೆಲಸ. ಅದರ ಒಂದು ರೇಡಿಯೋ ಮೊಬೈಲ್ ಟವರಿನೊಡನೆ ಮಾತಾಡುತ್ತದೆ. ಭಾರತದಲ್ಲಿ 4ಜಿ ಸೇವೆ 850, 900, 1800, 2300 ಮೆಗಾಹರ್ಟ್ಸ್ ಮುಂತಾದ ಪಟ್ಟಿಗಳಲ್ಲಿದೆ; 2022ರ ಅಕ್ಟೋಬರ್ 1ರಂದು ಆರಂಭವಾದ 5ಜಿ ಸೇವೆಗೆ 700 ಮೆಗಾಹರ್ಟ್ಸ್ ಹಾಗೂ 3300 ಮೆಗಾಹರ್ಟ್ಸ್ ಪಟ್ಟಿಗಳೂ ಬಳಕೆಯಾಗುತ್ತವೆ. ಈ ಪಟ್ಟಿಗಳನ್ನು ಕಂಪನಿಗಳು ಸರ್ಕಾರದಿಂದ ಹಣ ಕೊಟ್ಟು ಪಡೆದಿರುತ್ತವೆ. ಫೋನಿನ ಇನ್ನೊಂದು ರೇಡಿಯೋ ವೈಫೈಯದು. ಅದು 2.4 ಅಥವಾ 5 ಗಿಗಾಹರ್ಟ್ಸ್ ಆಸುಪಾಸಿನಲ್ಲಿ, ಪರವಾನಗಿ ಬೇಡದ ಪಟ್ಟಿಗಳಲ್ಲಿ ಕೆಲಸ ಮಾಡುತ್ತದೆ. ಟವರಿನ ಕಡೆಗೆ ಒಂದು ಕಂಪನಾಂಕ, ಗೆಳತಿಯ ಲ್ಯಾಪ್‌ಟಾಪಿನ ಕಡೆಗೆ ಇನ್ನೊಂದು ಕಂಪನಾಂಕ. ನಡುವೆ ನಿಂತು ಎರಡನ್ನೂ ಜೋಡಿಸುವುದು ನಿಮ್ಮ ಫೋನ್.

ಆದರೆ ಮರುಪ್ರಸಾರ ಕೇಂದ್ರಕ್ಕೂ ಫೋನಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಟೆಲಿವಿಷನ್ ಸಂಕೇತ ಒಂದೇ ದಿಕ್ಕಿನಲ್ಲಿ ಹೋಗುತ್ತಿತ್ತು. ಎಲ್ಲ ಮನೆಗಳಿಗೂ ಒಂದೇ ಕಾರ್ಯಕ್ರಮ. ಯಾರು ನೋಡುತ್ತಿದ್ದಾರೆ ಎಂದು ಗೋಪುರ ತಿಳಿಯಬೇಕಾಗಿರಲಿಲ್ಲ. ಇಂಟರ್ನೆಟ್ ಹಾಗಲ್ಲ. ಇಲ್ಲಿ ಪ್ರತಿಯೊಬ್ಬರೂ ಬೇರೆ ಬೇರೆ ಪ್ರಶ್ನೆ ಕೇಳುತ್ತಾರೆ, ಅವರವರ ಉತ್ತರ ಅವರವರಿಗೇ ತಲುಪಬೇಕು. ಹಾಗಾಗಿ ಫೋನ್ ಒಂದು ಗೋಪುರವಾದರೆ ಸಾಲದು, ಅಂಚೆ ಕಚೇರಿಯೂ ಆಗಬೇಕು.

ಒಂದೇ ವಿಳಾಸ, ಹಲವು ಮಂದಿ

ಇಂಟರ್ನೆಟ್ಟಿನಲ್ಲಿ ಪ್ರತಿಯೊಂದು ಸಂಪರ್ಕಕ್ಕೂ ಒಂದು ವಿಳಾಸ ಬೇಕು. ಇದಕ್ಕೆ ಐಪಿ ವಿಳಾಸ ಎಂದು ಹೆಸರು. ಹಳೆಯ ಪದ್ಧತಿಯಾದ ಐಪಿವಿ4ರಲ್ಲಿ ವಿಳಾಸದ ಉದ್ದ 32 ಬಿಟ್. 2ನ್ನು 32 ಬಾರಿ ಗುಣಿಸಿ ನೋಡಿ: ಸುಮಾರು 429 ಕೋಟಿ ಬರುತ್ತದೆ. ಜಗತ್ತಿನ ಜನಸಂಖ್ಯೆಗೇ ಇದು ಸಾಲದು. ಒಬ್ಬೊಬ್ಬರ ಬಳಿ ಎರಡು ಮೂರು ಉಪಕರಣಗಳಿರುವ ಕಾಲದಲ್ಲಿ ಹೇಗೆ ಸಾಕಾದೀತು? ಹಂಚಲು ಕೇಂದ್ರ ದಾಸ್ತಾನಿನಲ್ಲಿ ಉಳಿದಿದ್ದ ಕೊನೆಯ ವಿಳಾಸಗುಚ್ಛಗಳೂ 2011ರ ಫೆಬ್ರವರಿಯಲ್ಲಿ ಖಾಲಿಯಾದವು.

ಇದಕ್ಕೆ ಎಂಜಿನಿಯರುಗಳು ಹುಡುಕಿದ ಉಪಾಯ ನಿಮ್ಮ ಹಾಸ್ಟೆಲಿನ ಉಪಾಯವೇ. ಹಾಸ್ಟೆಲಿಗೆ ಅಂಚೆ ವಿಳಾಸ ಒಂದೇ, ಕೊಠಡಿಗಳು ನೂರು. ಊರಿನಿಂದ ಬರುವ ಪತ್ರಗಳೆಲ್ಲ ವಾರ್ಡನ್ ಕಚೇರಿಗೆ ಬರುತ್ತವೆ. ಯಾರ ಪತ್ರ ಯಾವ ಕೊಠಡಿಗೆ ಎಂಬುದು ಕಚೇರಿಯ ಪುಸ್ತಕದಲ್ಲಿರುತ್ತದೆ. ಅಂಚೆಯವನಿಗೆ ಕೊಠಡಿ ಸಂಖ್ಯೆ ತಿಳಿಯಬೇಕಾಗಿಲ್ಲ.

ಹಾಟ್‌ಸ್ಪಾಟ್ ಆನ್ ಆದ ಕೂಡಲೇ ನಿಮ್ಮ ಫೋನ್ ಇಂಥ ವಾರ್ಡನ್ ಆಗುತ್ತದೆ. ಸಂಪರ್ಕಕ್ಕೆ ಬಂದ ಪ್ರತಿ ಉಪಕರಣಕ್ಕೂ ಒಂದು ಒಳವಿಳಾಸ ಕೊಡುತ್ತದೆ. 192.168 ಎಂದೋ 172.20 ಎಂದೋ 10 ಎಂದೋ ಶುರುವಾಗುವ ಸಂಖ್ಯೆಗಳವು. ಮನೆಯೊಳಗಿನ ಬಳಕೆಗೆಂದೇ ಮೀಸಲಾದ ಈ ವಿಳಾಸಗಳು ಹೊರಜಗತ್ತಿನಲ್ಲಿ ನಡೆಯುವುದಿಲ್ಲ. ಲ್ಯಾಪ್‌ಟಾಪ್ ಒಂದು ಪುಟವನ್ನು ಕೇಳಿದಾಗ ಫೋನ್ ಆ ಕೋರಿಕೆಯ ಮೇಲಿನ ಒಳವಿಳಾಸವನ್ನು ತೆಗೆದು, ತನ್ನ ವಿಳಾಸವನ್ನು ಬರೆದು, ಗುರುತಿಗೆ ಒಂದು ಸಂಖ್ಯೆ ಸೇರಿಸಿ ಟವರಿಗೆ ಕಳಿಸುತ್ತದೆ. ಆ ಗುರುತು ಸಂಖ್ಯೆ ಯಾರದೆಂದು ತನ್ನ ಪಟ್ಟಿಯಲ್ಲಿ ಬರೆದಿಟ್ಟುಕೊಳ್ಳುತ್ತದೆ. ಉತ್ತರ ಬಂದಾಗ ಪಟ್ಟಿ ನೋಡಿ ಸರಿಯಾದ ಉಪಕರಣಕ್ಕೆ ತಲುಪಿಸುತ್ತದೆ. ಒಂದು ಸಾಧಾರಣ ಜಾಲಪುಟ ತೆರೆಯುವಾಗಲೇ ಇಂಥ ಹತ್ತಾರು ದಾಖಲೆಗಳು ಹುಟ್ಟಿ ಅಳಿಯುತ್ತವೆ.

128 ಬಿಟ್ ಉದ್ದದ ಹೊಸ ಐಪಿವಿ6 ಪದ್ಧತಿಯಲ್ಲಿ ವಿಳಾಸಗಳ ಬರವಿಲ್ಲ. ಅಲ್ಲಿ ಲ್ಯಾಪ್‌ಟಾಪಿಗೂ ಸ್ವಂತ ವಿಳಾಸ ಸಿಗಬಹುದು. ಆದರೆ ಆ ವಿಳಾಸದ ಮೊದಲ ಭಾಗ ನಿಮ್ಮ ಫೋನಿಗೆ ಕಂಪನಿ ಕೊಟ್ಟದ್ದೇ ಆಗಿರುತ್ತದೆ. ಯಾವ ಪದ್ಧತಿಯಾದರೂ ಹೊರಗಿನವರಿಗೆ ಕಾಣುವುದು ನಿಮ್ಮ ಮನೆಯ ಬಾಗಿಲೇ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಮೂರು ದಾರಿಗಳು

ಹಂಚಿಕೊಳ್ಳಲು ವೈಫೈ ಒಂದೇ ದಾರಿಯಲ್ಲ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಟೆದರಿಂಗ್’ ಎಂಬ ಪದ ನೋಡಿರುತ್ತೀರಿ. ದನವನ್ನು ಹಗ್ಗದಿಂದ ಗೂಟಕ್ಕೆ ಕಟ್ಟುವುದಕ್ಕೆ ಇಂಗ್ಲಿಷಿನಲ್ಲಿ ಇರುವ ಮಾತೇ ಇದು. ಕಂಪ್ಯೂಟರನ್ನು ಫೋನಿಗೆ ಕಟ್ಟುವುದು ಎಂದರ್ಥ. ಮೊದಲು ಇದು ನಿಜವಾಗಿಯೂ ತಂತಿಯ ಕಟ್ಟೇ ಆಗಿತ್ತು. ಆಂಡ್ರಾಯ್ಡ್ ಫೋನುಗಳಲ್ಲಿ ವೈಫೈ ಹಾಟ್‌ಸ್ಪಾಟ್ ಸೌಲಭ್ಯ ಬಂದದ್ದು 2010ರಲ್ಲಿ, 2.2ನೇ ಆವೃತ್ತಿಯೊಡನೆ. ಐಫೋನಿಗೆ 2011ರಲ್ಲಿ ಬಂತು.

ಮೊದಲನೆಯ ದಾರಿ ವೈಫೈ. ಹಲವು ಉಪಕರಣಗಳನ್ನು ಒಟ್ಟಿಗೆ ಸೇರಿಸಬಹುದು, ವೇಗ ಚೆನ್ನಾಗಿರುತ್ತದೆ. ಆದರೆ ಎರಡೂ ರೇಡಿಯೋಗಳು ಎಡೆಬಿಡದೆ ದುಡಿಯುವುದರಿಂದ ಬ್ಯಾಟರಿ ಬೇಗ ಬರಿದಾಗುತ್ತದೆ, ಫೋನ್ ಬಿಸಿಯಾಗುತ್ತದೆ. ಇಲ್ಲಿ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಆಯ್ಕೆಗಳಿರುತ್ತವೆ. ಮೊದಲನೆಯದರ ಅಲೆಯುದ್ದ ಸುಮಾರು 12.5 ಸೆಂಟಿಮೀಟರ್, ಎರಡನೆಯದರದು ಸುಮಾರು 6 ಸೆಂಟಿಮೀಟರ್. 2.4ರ ಅಲೆಗಳು ಗೋಡೆ ದಾಟಿ ಹೆಚ್ಚು ದೂರ ಹೋಗುತ್ತವೆ. ಆದರೆ ಬ್ಲೂಟೂತ್, ನೆರೆಮನೆಯ ವೈಫೈ, ಮೈಕ್ರೋವೇವ್ ಒಲೆ ಎಲ್ಲವೂ ಅದೇ ಸಂತೆಯಲ್ಲಿ ಕೂಗಾಡುತ್ತಿರುತ್ತವೆ. 5ರಲ್ಲಿ ಗದ್ದಲ ಕಡಿಮೆ, ವೇಗ ಹೆಚ್ಚು. ಗೋಡೆ ಅಡ್ಡ ಬಂದರೆ ಮಾತ್ರ ಸೋಲುತ್ತದೆ. ಒಂದೇ ಮೇಜಿನ ಮೇಲೆ ಕುಳಿತಿದ್ದರೆ 5, ಬೇರೆ ಕೋಣೆಯಲ್ಲಿದ್ದರೆ 2.4 ಆರಿಸಿಕೊಳ್ಳಿ.

ಎರಡನೆಯದು ಯುಎಸ್‌ಬಿ ಕೇಬಲ್. ಒಂದೇ ಕಂಪ್ಯೂಟರಿಗೆ ಕೊಡುವುದಾದರೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಗಾಳಿಯಲ್ಲಿ ಅಲೆ ಹರಡುವುದಿಲ್ಲವಾದ್ದರಿಂದ ಮೂರನೆಯವರು ಕದಿಯುವ ಭಯವಿಲ್ಲ. ಫೋನ್ ಚಾರ್ಜ್ ಕೂಡ ಆಗುತ್ತದೆ. ಬರೀ ಚಾರ್ಜ್ ಮಾಡಲು ಮಾತ್ರ ಬರುವ ಅಗ್ಗದ ಕೇಬಲುಗಳೂ ಇವೆ. ಅವುಗಳಲ್ಲಿ ಡೇಟಾ ಸಾಗುವ ತಂತಿಗಳೇ ಇರುವುದಿಲ್ಲ. ‘ಕೇಬಲ್ ಹಾಕಿದರೂ ಇಂಟರ್ನೆಟ್ ಬರುತ್ತಿಲ್ಲ’ ಎನ್ನುವವರು ಮೊದಲು ಕೇಬಲ್ ಬದಲಾಯಿಸಿ ನೋಡಬೇಕು.

ಮೂರನೆಯದು ಬ್ಲೂಟೂತ್. ವೇಗ ಕಡಿಮೆ, ಸೆಕೆಂಡಿಗೆ ಒಂದೆರಡು ಮೆಗಾಬಿಟ್ ಸಿಕ್ಕರೆ ಹೆಚ್ಚು. ಬ್ಯಾಟರಿಯ ಖರ್ಚೂ ಕಡಿಮೆ. ಇಮೇಲ್ ನೋಡಲು, ಒಂದು ಅರ್ಜಿ ತುಂಬಲು ಧಾರಾಳವಾಗಿ ಸಾಕು.

ಸಿಗ್ನಲ್ ಸಿಗದ ಮನೆಯಲ್ಲಿ

2021ರ ಜೂನ್ ತಿಂಗಳಲ್ಲಿ ಒಂದು ಛಾಯಾಚಿತ್ರ ದೇಶದ ಗಮನ ಸೆಳೆಯಿತು. ದಕ್ಷಿಣ ಕನ್ನಡದ ಸುಳ್ಯ ತಾಲ್ಲೂಕಿನ ಒಂದು ಹಳ್ಳಿ. ಸುರಿಯುವ ಮಳೆಯಲ್ಲಿ ರಸ್ತೆ ಬದಿ ಕುಳಿತು ಮಗಳು ಆನ್‌ಲೈನ್ ಪಾಠ ಕೇಳುತ್ತಿದ್ದಾಳೆ, ತಂದೆ ಅವಳಿಗೆ ಕೊಡೆ ಹಿಡಿದು ನಿಂತಿದ್ದಾರೆ. ಮನೆಯಲ್ಲಿ ಸಿಗ್ನಲ್ ಇಲ್ಲದ್ದಕ್ಕೆ ಈ ಪಾಡು. ಕೊರೋನಾ ಕಾಲದಲ್ಲಿ ಮಲೆನಾಡು ಮತ್ತು ಕರಾವಳಿಯ ಎಷ್ಟೋ ವಿದ್ಯಾರ್ಥಿಗಳು ಗುಡ್ಡ ಹತ್ತಿ ಪಾಠ ಕೇಳಿದರು.

ಸಿಗ್ನಲ್ಲೇ ಇಲ್ಲದ ಜಾಗಕ್ಕೆ ಹಾಟ್‌ಸ್ಪಾಟ್ ಪರಿಹಾರವಲ್ಲ. ಇಲ್ಲದ್ದನ್ನು ಹಂಚಲಾಗದು. ಆದರೆ ಮನೆಯ ಒಂದು ಮೂಲೆಯಲ್ಲಿ, ಅಟ್ಟದ ಕಿಟಕಿಯಲ್ಲಿ, ಜಗಲಿಯ ತುದಿಯಲ್ಲಿ ಎರಡು ಕಡ್ಡಿ ಸಿಗ್ನಲ್ ಬರುವ ಮನೆಗಳು ಬಹಳ. ದಪ್ಪ ಕಲ್ಲಿನ ಗೋಡೆ, ತಗಡಿನ ಮಾಡು, ಕಬ್ಬಿಣದ ಸರಳು ತುಂಬಿದ ಕಾಂಕ್ರೀಟ್ ತಾರಸಿ ಇವೆಲ್ಲ ಟವರಿನ ಅಲೆಯನ್ನು ಹೀರುತ್ತವೆ ಅಥವಾ ಹಿಂದಕ್ಕೆ ತಳ್ಳುತ್ತವೆ. ಅಂಥಲ್ಲಿ ನೀವು ಕಿಟಕಿಗೆ ಜೋತುಬೀಳಬೇಕಾಗಿಲ್ಲ. ಫೋನನ್ನು ಕಿಟಕಿಯಲ್ಲಿಟ್ಟು ಚಾರ್ಜಿಗೆ ಹಾಕಿ, 2.4 ಗಿಗಾಹರ್ಟ್ಸ್‌ನಲ್ಲಿ ಹಾಟ್‌ಸ್ಪಾಟ್ ಆನ್ ಮಾಡಿ. ನೀವು ಎಂಟು ಹತ್ತು ಮೀಟರ್ ದೂರದಲ್ಲಿ, ಒಳಗೆ ಕುಳಿತು ಇನ್ನೊಂದು ಫೋನಿನಲ್ಲೋ ಲ್ಯಾಪ್‌ಟಾಪಿನಲ್ಲೋ ಪಾಠ ಕೇಳಬಹುದು. ಕೇಳಲು ಅನುಕೂಲವಾದ ಜಾಗದಲ್ಲಿ ಕಿವಿಯನ್ನಿಡಬೇಕು.

ಫೋನ್ ಮೇಲೆ ನೇರ ಬಿಸಿಲು ಬೀಳದಂತೆ ನೋಡಿಕೊಳ್ಳಿ. ಸಿಗ್ನಲ್ ದುರ್ಬಲವಾದಷ್ಟೂ ಟವರನ್ನು ಮುಟ್ಟಲು ಫೋನ್ ಹೆಚ್ಚು ಶಕ್ತಿ ವ್ಯಯಿಸುತ್ತದೆ, ಹೆಚ್ಚು ಬಿಸಿಯಾಗುತ್ತದೆ.

ಐದು ನಿಮಿಷದಲ್ಲಿ ಡೇಟಾ ಎಲ್ಲಿ ಹೋಯಿತು?

ಈಗ ಲೆಕ್ಕಕ್ಕೆ ಬರೋಣ. ವೇಗವನ್ನು ಬಿಟ್‌ಗಳಲ್ಲಿ ಹೇಳುತ್ತಾರೆ, ಪ್ರಮಾಣವನ್ನು ಬೈಟ್‌ಗಳಲ್ಲಿ. 8 ಬಿಟ್ ಸೇರಿದರೆ 1 ಬೈಟ್. ಸೆಕೆಂಡಿಗೆ 1 ಮೆಗಾಬಿಟ್ ವೇಗದಲ್ಲಿ ಸಾಧಾರಣ ಗುಣಮಟ್ಟದ ವಿಡಿಯೋ ಒಂದು ಗಂಟೆ ಓಡಿತು ಎನ್ನಿ. 3600 ಸೆಕೆಂಡಿಗೆ 3600 ಮೆಗಾಬಿಟ್, ಅಂದರೆ 450 ಮೆಗಾಬೈಟ್. ನಿಮ್ಮ ದಿನದ ಪಾಲು 1.5 ಗಿಗಾಬೈಟ್ ಆದರೆ ಅದು ಮುಗಿಯಲು 3 ಗಂಟೆ 20 ನಿಮಿಷ ಬೇಕು. ನಾಲ್ವರು ಗೆಳೆಯರು ನಿಮ್ಮ ಹಾಟ್‌ಸ್ಪಾಟಿನಲ್ಲಿ ಇದೇ ಗುಣಮಟ್ಟದಲ್ಲಿ ಬೇರೆ ಬೇರೆ ವಿಡಿಯೋ ನೋಡಿದರೆ 50 ನಿಮಿಷ. ಒಬ್ಬನೇ ಸೆಕೆಂಡಿಗೆ 5 ಮೆಗಾಬಿಟ್ ಬೇಡುವ ಹೈ ಡೆಫಿನಿಷನ್ ವಿಡಿಯೋ ನೋಡಿದರೆ 40 ನಿಮಿಷ.

ಪಾಲು ಮುಗಿದ ಮೇಲೆ ಹಲವು ಯೋಜನೆಗಳಲ್ಲಿ ವೇಗ ಸೆಕೆಂಡಿಗೆ 64 ಕಿಲೋಬಿಟ್‌ಗೆ ಇಳಿಯುತ್ತದೆ. ಅಂದರೆ 8 ಕಿಲೋಬೈಟ್. 1 ಮೆಗಾಬೈಟಿನ ಒಂದು ಚಿತ್ರ ಬರಲು ಎರಡು ನಿಮಿಷಕ್ಕೂ ಮಿಕ್ಕಿ ಕಾಯಬೇಕು.

‘ನಾನು ಬರೀ ಒಂದು ಅರ್ಜಿ ತುಂಬಿದೆ, ಅಷ್ಟರಲ್ಲೇ ಡೇಟಾ ಖಾಲಿ!’ ಎಂದು ಕೆಲವರು ಆಶ್ಚರ್ಯಪಡುತ್ತಾರೆ. ಕಾರಣ ಸರಳ. ಲ್ಯಾಪ್‌ಟಾಪಿಗೆ ಕಾಣುವುದು ವೈಫೈ. ಅದರ ಹಿಂದೆ ಇರುವುದು ಅಳತೆಯ ಡೇಟಾ ಎಂದು ಅದಕ್ಕೆ ಗೊತ್ತಿರುವುದಿಲ್ಲ. ‘ಓಹೋ, ವೈಫೈ ಸಿಕ್ಕಿತು’ ಎಂದು ಅದು ತನ್ನ ಬಾಕಿ ಕೆಲಸಗಳನ್ನೆಲ್ಲ ಶುರು ಮಾಡಿಬಿಡುತ್ತದೆ: ತಂತ್ರಾಂಶದ ಅಪ್‌ಡೇಟ್, ಫೋಟೋಗಳ ಬ್ಯಾಕಪ್, ಕಡತಗಳ ನಕಲು. ಇದಕ್ಕೆ ವಿಂಡೋಸ್‌ನಲ್ಲಿ ಆ ವೈಫೈಯನ್ನು ‘ಮೀಟರ್ಡ್ ಕನೆಕ್ಷನ್’ ಎಂದು ಗುರುತಿಸಿಡಬೇಕು. ಐಫೋನಿನಲ್ಲಿ ‘ಲೋ ಡೇಟಾ ಮೋಡ್’ ಇದೆ. ಸಾಲ ಪಡೆಯುವವರು ಈ ಒಂದು ಕೆಲಸವನ್ನಾದರೂ ಮಾಡಿಯೇ ಮುಂದುವರಿಯಬೇಕು. ಅದು ಸೌಜನ್ಯ.

ಕೊಂಡ ಡೇಟಾ ಯಾರದು?

ಒಂದು ಕಾಲದಲ್ಲಿ ಹಾಟ್‌ಸ್ಪಾಟ್ ಬಳಸುವುದಕ್ಕೇ ಕೆಲವು ದೇಶಗಳ ಕಂಪನಿಗಳು ಪ್ರತ್ಯೇಕ ಶುಲ್ಕ ಕೇಳುತ್ತಿದ್ದವು. ಅಮೆರಿಕದಲ್ಲಿ ಇದು ದೊಡ್ಡ ವಿವಾದವಾಯಿತು. ಶುಲ್ಕ ತಪ್ಪಿಸಿ ಡೇಟಾ ಹಂಚಲು ನೆರವಾಗುವ ಆ್ಯಪ್‌ಗಳನ್ನು ತನ್ನ ಗ್ರಾಹಕರಿಗೆ ಸಿಗದಂತೆ ಮಾಡಿದ ಆರೋಪ ವೆರಿಝಾನ್ ಕಂಪನಿಯ ಮೇಲೆ ಬಂತು. ಅಲ್ಲಿನ ಸಂಪರ್ಕ ನಿಯಂತ್ರಣ ಆಯೋಗ ವಿಚಾರಣೆ ನಡೆಸಿತು. 2012ರ ಜುಲೈಯಲ್ಲಿ ಕಂಪನಿ 12.5 ಲಕ್ಷ ಡಾಲರ್ ಪಾವತಿಸಿ ಪ್ರಕರಣ ಮುಗಿಸಿಕೊಂಡಿತು. ಅಳತೆ ಮಾಡಿ ಕೊಂಡ ಡೇಟಾವನ್ನು ಯಾವ ಉಪಕರಣದಲ್ಲಿ ಬಳಸಬೇಕೆಂಬುದು ಕೊಂಡವನ ಇಷ್ಟ ಎಂಬ ವಾದಕ್ಕೆ ಇದರಿಂದ ಬಲ ಬಂತು.

ನೀವು ಹಂಚುತ್ತಿದ್ದೀರೆಂದು ಕಂಪನಿಗೆ ತಿಳಿಯುವುದು ಹೇಗೆ? ಇಂಟರ್ನೆಟ್ಟಿಗೆ ಹೊರಡುವ ಪ್ರತಿ ಪ್ಯಾಕೆಟ್‌ಗೂ ಒಂದು ‘ಆಯುಷ್ಯ’ ಸಂಖ್ಯೆ ಇರುತ್ತದೆ. ದಾರಿಯಲ್ಲಿ ಒಂದೊಂದು ನಿಲ್ದಾಣ ದಾಟಿದಾಗಲೂ ಅದು ಒಂದೊಂದು ಕಡಿಮೆಯಾಗುತ್ತದೆ. ಸೊನ್ನೆಯಾದರೆ ಪ್ಯಾಕೆಟ್ ಅಲ್ಲೇ ಬಿದ್ದುಹೋಗುತ್ತದೆ. ದಾರಿ ತಪ್ಪಿದ ಪ್ಯಾಕೆಟ್‌ಗಳು ಕೊನೆಯಿಲ್ಲದೆ ಸುತ್ತಬಾರದೆಂದು ಈ ಏರ್ಪಾಡು. ಫೋನಿನ ಪ್ಯಾಕೆಟ್ ಸಾಮಾನ್ಯವಾಗಿ 64ರಿಂದ ಹೊರಡುತ್ತದೆ, ವಿಂಡೋಸ್ ಕಂಪ್ಯೂಟರಿನದು 128ರಿಂದ. ಕಂಪ್ಯೂಟರಿನ ಪ್ಯಾಕೆಟ್ ನಿಮ್ಮ ಫೋನನ್ನು ದಾಟಿ ಬಂದಾಗ 127 ಆಗಿರುತ್ತದೆ. 64 ಇರಬೇಕಾದಲ್ಲಿ 127 ಕಂಡರೆ ಹಿಂದೆ ಇನ್ನೊಂದು ಉಪಕರಣವಿದೆ ಎಂದು ಊಹಿಸಬಹುದು.

ಗೆಳೆಯರಿಗೆ ಕೊಡುವುದು ಬೇರೆ, ಅದನ್ನೇ ವ್ಯಾಪಾರ ಮಾಡುವುದು ಬೇರೆ. ‘ಅನಿಯಮಿತ’ ಎಂದು ಬರೆದ ಯೋಜನೆಗಳಿಗೂ ಷರತ್ತುಗಳಿರುತ್ತವೆ, ಓದಿ ನೋಡಿ. ಅಂಗಡಿಗಳಲ್ಲಿ ಇಂಟರ್ನೆಟ್ ಮಾರಲು ಬೇರೆಯೇ ಏರ್ಪಾಡಿದೆ. 2020ರ ಡಿಸೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಪಿಎಂ-ವಾಣಿ ಯೋಜನೆಯಲ್ಲಿ ಚಹಾ ಅಂಗಡಿ, ಕಿರಾಣಿ ಅಂಗಡಿಯವರು ಪರವಾನಗಿ ಶುಲ್ಕವಿಲ್ಲದೆ ಸಾರ್ವಜನಿಕ ವೈಫೈ ಕೊಡಬಹುದು. ಹಿಂದಿನ ಎಸ್‌ಟಿಡಿ ಬೂತುಗಳ ಹೊಸ ಅವತಾರವೆನ್ನಿ.

ಕೆಲಸ ಇನ್ನೊಬ್ಬರದು, ಹೆಸರು ನಿಮ್ಮದು

ಹೊರಜಗತ್ತಿಗೆ ಕಾಣುವುದು ನಿಮ್ಮ ಬಾಗಿಲು ಮಾತ್ರ ಎಂದೆವಲ್ಲ, ಈಗ ಆ ಮಾತಿಗೆ ಬರೋಣ.

2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಬಾಂಬ್ ಸ್ಫೋಟಗಳಾದವು. ಅದಕ್ಕೆ ಕೆಲವೇ ನಿಮಿಷ ಮೊದಲು ಮಾಧ್ಯಮ ಸಂಸ್ಥೆಗಳಿಗೆ ಒಂದು ಇಮೇಲ್ ಬಂದಿತ್ತು. ಅದರ ಐಪಿ ವಿಳಾಸದ ಜಾಡು ಹಿಡಿದ ತನಿಖಾಧಿಕಾರಿಗಳು ತಲುಪಿದ್ದು ನವಿ ಮುಂಬೈಯಲ್ಲಿ ವಾಸವಿದ್ದ ಅಮೆರಿಕದ ಪ್ರಜೆಯೊಬ್ಬರ ಮನೆಗೆ. ಅವರ ವೈಫೈಗೆ ಸರಿಯಾದ ಭದ್ರತೆ ಇರಲಿಲ್ಲ. ಬೇರೆಯವರು ಅದನ್ನು ಬಳಸಿಕೊಂಡಿದ್ದರು. ಏನೂ ಅರಿಯದ ಕುಟುಂಬ ವಿಚಾರಣೆ ಎದುರಿಸಬೇಕಾಯಿತು. ಅದು ಮನೆಯ ವೈಫೈ, ನಿಮ್ಮದು ಫೋನಿನ ಹಾಟ್‌ಸ್ಪಾಟ್. ವಿಳಾಸದ ತತ್ವ ಮಾತ್ರ ಎರಡಕ್ಕೂ ಒಂದೇ. ನಿಮ್ಮ ಸಂಪರ್ಕದ ಮೂಲಕ ಯಾರಾದರೂ ಬೆದರಿಕೆಯ ಸಂದೇಶ ಕಳಿಸಿದರೆ, ಹಣ ವಂಚಿಸಿದರೆ, ಜಾಡು ಮೊದಲು ಬಂದು ನಿಲ್ಲುವುದು ನಿಮ್ಮ ಸಿಮ್ ಮುಂದೆ. ಆ ಸಿಮ್ ಅಪ್ಪನ ಹೆಸರಿನಲ್ಲಿದ್ದರೆ ಅಪ್ಪನ ಮುಂದೆ. ನಿಮ್ಮ ಫೋನಿನ ಪಟ್ಟಿಯಲ್ಲಿ ಯಾವ ಉಪಕರಣ ಏನು ಕೇಳಿತು ಎಂಬ ದಾಖಲೆ ಉಳಿಯುವುದಿಲ್ಲ, ಹಾಗಾಗಿ ‘ಅದು ನಾನಲ್ಲ’ ಎಂದು ತೋರಿಸುವುದು ಸುಲಭವಲ್ಲ.

ಇದನ್ನು ಕೇಳಿ ಹಂಚುವುದನ್ನೇ ನಿಲ್ಲಿಸಬೇಡಿ. ಸಮಯಕ್ಕೆ ಸಿಕ್ಕ ಐದು ನಿಮಿಷದ ಸಂಪರ್ಕದಿಂದ ಒಬ್ಬರ ಕಾಲೇಜು ಪ್ರವೇಶ ಉಳಿಯಬಹುದು. ಎಚ್ಚರಗಳು ಕೆಲವೇ:

* ಪಾಸ್‌ವರ್ಡ್ ಇಲ್ಲದ ‘ಓಪನ್’ ಹಾಟ್‌ಸ್ಪಾಟ್ ಎಂದೂ ಬೇಡ. ಭದ್ರತೆ ಡಬ್ಲ್ಯುಪಿಎ2 ಅಥವಾ ಅದಕ್ಕಿಂತ ಹೊಸದಾದ ಡಬ್ಲ್ಯುಪಿಎ3 ಇರಲಿ.
* ಪಾಸ್‌ವರ್ಡ್ ಕನಿಷ್ಠ 8 ಅಕ್ಷರ ಇರಲೇಬೇಕು. 12 ಇದ್ದರೆ ಒಳ್ಳೆಯದು. ನಿಮ್ಮ ಫೋನ್ ನಂಬರು, ಹುಟ್ಟಿದ ದಿನ, 12345678 ಇವು ಬೇಡ.
* ಹಾಟ್‌ಸ್ಪಾಟಿನ ಹೆಸರಿನಲ್ಲಿ ನಿಮ್ಮ ಹೆಸರು, ಕೊಠಡಿ ಸಂಖ್ಯೆ ಬೇಡ. ಬಸ್ಸಿನಲ್ಲಿರುವ ಎಲ್ಲರಿಗೂ ಅದು ಕಾಣುತ್ತದೆ.
* ಯಾರು ಯಾರು ಸೇರಿದ್ದಾರೆಂಬ ಪಟ್ಟಿ ಫೋನಿನಲ್ಲೇ ಇದೆ. ಆಗಾಗ ನೋಡಿ. ಗುರುತಿಲ್ಲದ ಉಪಕರಣ ಕಂಡರೆ ತೆಗೆದುಹಾಕಿ.
* ಅಪರಿಚಿತರಿಗೆ ಕೊಟ್ಟ ಮೇಲೆ ಪಾಸ್‌ವರ್ಡ್ ಬದಲಾಯಿಸಿ. ಒಮ್ಮೆ ಕೊಟ್ಟ ಪಾಸ್‌ವರ್ಡ್ ಅವರ ಫೋನಿನಲ್ಲಿ ಉಳಿದಿರುತ್ತದೆ. ಮುಂದಿನ ಸಲ ಕೇಳದೆಯೇ ಸೇರಿಕೊಳ್ಳುತ್ತದೆ.
* ಕೆಲಸ ಮುಗಿದ ಕೂಡಲೇ ಆಫ್ ಮಾಡಿ.

ಇನ್ನೊಬ್ಬರ ಹಾಟ್‌ಸ್ಪಾಟ್ ಬಳಸುವಾಗಲೂ ಎಚ್ಚರ ಬೇಕು. ‘ಎಚ್‌ಟಿಟಿಪಿಎಸ್’ ಇರುವ ತಾಣಗಳಲ್ಲಿ ನೀವು ಬರೆದದ್ದು ಗೂಢಲಿಪಿಯಲ್ಲಿ ಹೋಗುತ್ತದೆ, ನಡುವಿನ ಫೋನಿನವರಿಗೆ ಓದಲು ಬರುವುದಿಲ್ಲ. ಆದರೆ ಯಾವ ತಾಣಕ್ಕೆ ಹೋದಿರಿ ಎಂಬುದು ಅನೇಕ ವೇಳೆ ತಿಳಿಯುತ್ತದೆ. ನಿಲ್ದಾಣದಲ್ಲಿ ‘ಉಚಿತ ವೈಫೈ’ ಎಂದು ಕಂಡ ಹೆಸರು ಯಾರದೋ ಜೇಬಿನ ಫೋನೂ ಆಗಿರಬಹುದು. ಹೆಸರನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದು. ಅಂಥಲ್ಲಿ ಬ್ಯಾಂಕಿನ ವ್ಯವಹಾರ ಮಾಡಬೇಡಿ.

ನೀವೇ ಮಾಡಿ ನೋಡಿ

1. ಫೋನಿನ ಹಾಟ್‌ಸ್ಪಾಟಿಗೆ ಲ್ಯಾಪ್‌ಟಾಪ್ ಸೇರಿಸಿ. ಲ್ಯಾಪ್‌ಟಾಪಿನ ವೈಫೈ ವಿವರಗಳಲ್ಲಿ ಐಪಿವಿ4 ವಿಳಾಸ ಬರೆದುಕೊಳ್ಳಿ. ಈಗ ‘ನನ್ನ ಐಪಿ ವಿಳಾಸ ಯಾವುದು’ ಎಂದು ತೋರಿಸುವ ಯಾವುದಾದರೂ ತಾಣವನ್ನು ಫೋನಿನಲ್ಲೂ ಲ್ಯಾಪ್‌ಟಾಪಿನಲ್ಲೂ ತೆರೆಯಿರಿ. ಎರಡರಲ್ಲೂ ಸಾಮಾನ್ಯವಾಗಿ ಒಂದೇ ಐಪಿವಿ4 ವಿಳಾಸ ಕಾಣುತ್ತದೆ, ಅದು ನೀವು ಬರೆದುಕೊಂಡದ್ದಕ್ಕಿಂತ ಬೇರೆ. ವಾರ್ಡನ್ನನ ಪುಸ್ತಕ ಕೆಲಸ ಮಾಡುತ್ತಿರುವುದಕ್ಕೆ ಇದೇ ಸಾಕ್ಷಿ.

2. ಹಾಟ್‌ಸ್ಪಾಟನ್ನು ಒಮ್ಮೆ 2.4ರಲ್ಲಿ, ಇನ್ನೊಮ್ಮೆ 5 ಗಿಗಾಹರ್ಟ್ಸ್‌ನಲ್ಲಿ ಇಡಿ. ಲ್ಯಾಪ್‌ಟಾಪ್ ಹಿಡಿದು ಕೋಣೆಯಿಂದ ಕೋಣೆಗೆ ನಡೆಯಿರಿ. ಎಷ್ಟನೆಯ ಗೋಡೆಯಾಚೆ ಯಾವುದು ಕಡಿದುಹೋಯಿತು? ಒಂದು ಹಾಳೆಯಲ್ಲಿ ಮನೆಯ ನಕ್ಷೆ ಬರೆದು ಗುರುತು ಮಾಡಿ. ನಿಮ್ಮ ಮನೆಯ ‘ಗುಡ್ಡದ ತುದಿ’ ಎಲ್ಲಿದೆ ಎಂದು ಆ ನಕ್ಷೆಯೇ ಹೇಳುತ್ತದೆ.

3. ಲ್ಯಾಪ್‌ಟಾಪಿನಲ್ಲಿ ಏನನ್ನೂ ತೆರೆಯದೆ ಹತ್ತು ನಿಮಿಷ ಹಾಟ್‌ಸ್ಪಾಟಿಗೆ ಸೇರಿಸಿಡಿ. ಮೊದಲು ಮತ್ತು ನಂತರ ಫೋನಿನ ಡೇಟಾ ಬಳಕೆಯ ಅಂಕಿ ನೋಡಿ. ‘ಮೀಟರ್ಡ್’ ಎಂದು ಗುರುತಿಸಿದ ಮೇಲೆ ಇದನ್ನೇ ಮತ್ತೆ ಮಾಡಿ. ಎರಡು ಅಂಕಿಗಳ ವ್ಯತ್ಯಾಸವನ್ನು, ಸದಾ ನಿಮ್ಮ ಹಾಟ್‌ಸ್ಪಾಟ್ ಕೇಳುವ ಗೆಳೆಯನಿಗೆ ತೋರಿಸಿ.